ಬಿದ್ದಳು

"ಇದೇ ಜಾಗ! ಶಿಯಾನ್ ಕೋಟೆ ಗೋಡೆ ಮೇಲೆ ಸೈಕಲ್ ರೆಂಟ್ ಮಾಡಿದ್ವಿ, ಇವಳು ಬಿದ್ದೇಬಿಟ್ಲು," ಎಂದು ಟಿವಿಯಲ್ಲಿ ಚೀನಾ ಟ್ರಿಪ್ಪಿನ ಫೋಟೋ ತೋರಿಸುತ್ತಾ ಗುರುದತ್ ನಕ್ಕ. ಅವನ ಹೆಂಡತಿ ಯಾಮಿನಿ ಪ್ಲಾಸ್ಟರ್ ಹಾಕಿದ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

"ಅಮ್ಮ ಬೀಳಿಸಿದ," ಎಂದಳು ಪರದೇಶದ ಈ ಡರ್ಹಮ್ ಊರಲ್ಲೇ ಹುಟ್ಟಿದ ಮಗಳು ಚೈತನ್ಯಾ.

ಫೋಟೋ ನೋಡಲು ಬಂದಿದ್ದ ಕಾತ್ಯಾಯಿನಿ ಆಂಟಿ ಅವಳ ಭಾನುವಾರದ ಕನ್ನಡ ಕ್ಲಾಸಿನ ಟೀಚರ್. ಅವರು ಮುದ್ದಿನಿಂದ ತಿದ್ದಿದರು: "'ಬೀಳಿಸಿದ' ಅಲ್ಲ ಪುಟ್ಟಿ, 'ಬಿದ್ದಳು'. ಅಮ್ಮ ಬಿದ್ದಳು. ಎಲ್ಲಿ, ಹೇಳು?"

"ನೋ. ಬೀಳಿಸಿದ."

"ಇವಳ ಕನ್ನಡ ಇಷ್ಟೇ ಆಂಟಿ," ಎಂದ ಗುರುದತ್‌ನ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಮಗಳ ಕತ್ತಿನ ಹಿಂದೆ ಅವನ ಬೆರಳುಗಳು ಬಿಗಿಯಾದವು.

ಚೈತನ್ಯಾ ಕೊಸರಿಕೊಂಡು, ಶಿಯಾನ್‌ನಿಂದ ತಂದು ಟಿವಿ ಪಕ್ಕದಲ್ಲಿಟ್ಟಿದ್ದ ಮಣ್ಣಿನ ಸೈನಿಕನ ಬೊಂಬೆಯ ಎದುರು ನಿಂತಳು. ಎರಡೂ ಅಂಗೈಯಿಂದ ಅದರ ಎದೆಗೆ ರಪ್ಪನೆ ನೂಕಿದಳು. ಸೈನಿಕ ನೆಲಕ್ಕಪ್ಪಳಿಸಿ ತಲೆ ಒಂದು ಕಡೆ, ತೋಳು ಒಂದು ಕಡೆ ಸಿಡಿಯಿತು.

"ಇದು ಬಿತ್ತಾ, ಆಂಟಿ?"

ಚೂರುಗಳನ್ನೇ ನೋಡುತ್ತಿದ್ದ ಯಾಮಿನಿ ದುಪಟ್ಟಾ ಸರಿಸಿ ಕೈಯನ್ನು ಹೊರಗೆ ತೆಗೆದಳು.

"ಅವಳ ಕನ್ನಡ ಸರಿಯಾಗೇ ಇದೆ," ಎಂದಳು.