ಚಿಲುಮೆಯ ಬಿಲ್ಲೆ

ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಹೆಂಡತಿ ತವರಿನಿಂದ ವಾಪಸು ಬಂದಳು. ಮುರಿದವನು ಗಂಡನೇ. ಆದರೂ ಬಂದವಳೇ ಒಂದೇ ಕೈಯಲ್ಲಿ ಹೊಗೆಸೊಪ್ಪು ಪುಡಿ ಮಾಡಿ, ಬೆಲ್ಲದ ಪಾಕದಲ್ಲಿ ಕಲಸಿ, ಅವನ ಚಿಲುಮೆಗೆ ಬಿಲ್ಲೆ ಒತ್ತಲು ಕೂತಾಗ ಅವನ ಎದೆ ಹಗುರಾಯಿತು. ಹೆಂಗಸಿನ ಸಿಟ್ಟು ಒಲೆಯ ಹೊಗೆಯಷ್ಟೇ, ಕಿಂಡಿ ಸಿಕ್ಕರೆ ಹೋಗುತ್ತದೆ ಅಂದುಕೊಂಡ.

ಬಿಲ್ಲೆಯ ಮೇಲೆ ಹಲಗೆಯಿಟ್ಟು ಕಲ್ಲು ಹೇರುವುದು ಒಂದು ಕೈಯ ಕೆಲಸವಲ್ಲ. ಅದಕ್ಕೆಂದೇ ಅವಳ ಅಣ್ಣಂದಿರಿಬ್ಬರು ಜೊತೆಗೆ ಬಂದಿದ್ದರು. ಕಲ್ಲು ಹೇರಿದ ಮೇಲೂ ಹೊರಡದೆ ಬಾಗಿಲಿಗೆ ಅಡ್ಡ ಕೂತರು.

“ಏನ್ರಿ ಬೀಗರ, ತಂಗೀನ ಕಾಯಾಕ ಕುಂತೀರೇನು?” ಎಂದು ಅವನು ನಕ್ಕ. ಅವರು ನಗಲಿಲ್ಲ.

ಹಲಗೆಯ ಸಂದಿಯಿಂದ ಒಂದು ಚೂರು ಕೀಳಲು ಅವನು ಕೈಹಾಕಿದ.

“ಮುಟ್ಟಬ್ಯಾಡ್ರಿ,” ಎಂದಳು ಹೆಂಡತಿ. “ಮಾನಮಿ ಅಮಾಸಿಗೆ ಹಿರಿಯರ ಮುಂದ ಎಡಿ ಇಡೂದದು.”

“ಎಡಿಗಾ? ಹುಚ್ಚಿ, ಸತ್ತವ್ರ ಬಾಯಿಚಟ ನೋಡಿ ಎಡಿ ಇಡ್ತಾರ. ನಮ್ಮಪ್ಪ ಎಲಿ ಅಡಿಕಿ ತಿಂತಿದ್ದ, ನಮ್ಮವ್ವ ನಶ್ಯ ಏರಸ್ತಿದ್ಲು. ಈ ಮನ್ಯಾಗ ಸತ್ತವ್ರು ಒಬ್ರೂ ಚಿಲುಮಿ ಸೇದಿಲ್ಲ.”

ದೊಡ್ಡಣ್ಣ ಎದ್ದು ಬಾಗಿಲಿನ ಅಗಳಿ ಹಾಕಿದ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಅಮಾಸಿಗೆ ಇನ್ನೂ ಎಂಟ ದಿನ ಐತಲ್ರಿ.”