ನಾಲ್ಕನೇ ಸೀಟು

ಅತ್ತಿಬೆಲೆ ದಾಟುತ್ತಿದ್ದಂತೆ ಸೀಟ್‌ಬೆಲ್ಟಿನ ಅಲಾರಾಂ ಮತ್ತೆ ಹೊಡೆದುಕೊಂಡಿತು.

"ಬೆಲ್ಟ್ ಹಾಕ್ಕೊಳೋ ಭಾರ್ಗವ," ಎಂದ ಸುಶ್ರುತ, ಸ್ಟಿಯರಿಂಗ್ ಹಿಡಿದುಕೊಂಡೇ. ಅಂದವನೇ ನಾಲಿಗೆ ಕಚ್ಚಿಕೊಂಡ.

ಹೋದ ವಾರ, ಶುಕ್ರವಾರ, ಜೆ.ಪಿ. ನಗರದ ಟರ್ಫಿನಲ್ಲಿ ಕಾರ್ನರ್ ಕಿಕ್ ಹೊಡೆಯಲು ಓಡಿದ ಭಾರ್ಗವ ಅಲ್ಲೇ ಕುಸಿದಿದ್ದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೆನ್ನೈಯಲ್ಲಿ ಬೆಂಗಳೂರು ಟೀಮಿನ ಸೆಮಿಫೈನಲ್ಲಿಗೆ ನಾಲ್ಕು ಟಿಕೆಟ್ ಬುಕ್ ಮಾಡಿ, ತಿಂಗಳಿಂದ ಎಲ್ಲರ ತಲೆ ತಿಂದಿದ್ದವನು ಅವನೇ.

ಮುಂದಿನ ಸೀಟಿನಲ್ಲಿದ್ದ ಅಂಜನಾ ಡ್ಯಾಶ್‌ಬೋರ್ಡ್ ನೋಡಿದಳು. ಹಿಂದಿನ ಎಡ ಸೀಟಿನ ದೀಪ ಕೆಂಪಗೆ ಮಿನುಗುತ್ತಿತ್ತು. ಅದು ಭಾರ್ಗವ ಯಾವಾಗಲೂ ಕೂರುತ್ತಿದ್ದ ಜಾಗ. ಬೆಲ್ಟ್ ಹಾಕಿಕೊಳ್ಳದೆ ಪ್ರತಿ ಸಲ ಅಲಾರಾಂ ಹೊಡೆಸುತ್ತಿದ್ದ ಪುಣ್ಯಾತ್ಮ. ಈಗ ಅಲ್ಲಿ ಒಂದು ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಆ ಕಲ್ಲು ಕೊಟ್ಟವಳು ಭಾರ್ಗವನ ತಾಯಿ ಅಲಮೇಲು. ನಿಜ ಹೇಳಬೇಕೆಂದರೆ ಕಾರಿನಲ್ಲಿದ್ದ ಮೂವರು ಗೆಳೆಯರಿಗೂ ಹೊರಡುವ ಮನಸ್ಸೇ ಇರಲಿಲ್ಲ. ಆಕೆಯೇ ಫೋನ್ ಮಾಡಿ ತ್ಯಾಗರಾಜನಗರದ ಮನೆಗೆ ಕರೆಸಿಕೊಂಡಿದ್ದಳು.

"ಆಸೆಪಟ್ಟು ತಗೊಂಡ ಟಿಕೆಟ್ ಕಣ್ರೋ. ಹೋಗ್ಲೇಬೇಕು. ಅವನ ಸೀಟು ಮಾತ್ರ ಖಾಲಿ ಬಿಡಬೇಡಿ, ನನ್ನಾಣೆ."

ಬೇರೆ ಸಲವಾಗಿದ್ದರೆ ಡಬ್ಬಿ ತುಂಬ ಪುಳಿಯೋಗರೆ ಬರುತ್ತಿತ್ತು. ಈಗ ಸೂತಕ, ಏನೂ ಕೊಡುವ ಹಾಗಿರಲಿಲ್ಲ. ಮೂವರೂ ಗೇಟಿನ ಹೊರಗೇ ನಿಂತಿದ್ದರು.

"ಮೂರು ಜನ ಹೊರಡಬಾರದು. ಜೊತೆಗೆ ಒಂದು ಕಲ್ಲಾದ್ರೂ ಇರಬೇಕು," ಎನ್ನುತ್ತ ಅಲಮೇಲು ಹಿತ್ತಲಿಗೆ ಹೋದಳು. ಸೆರಗಿನ ಮರೆಯಲ್ಲಿ ತಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಲ್ಲು, ಒದ್ದೆಯಾಗಿತ್ತು, ಬಟ್ಟೆಗೆ ನಾಲ್ಕಾರು ಕರಿ ಎಳ್ಳು ಅಂಟಿತ್ತು. ಅಂಜನಾಗೆ ವಿಚಿತ್ರ ಅನ್ನಿಸಲಿಲ್ಲ. ಮೂವರು ಹೊರಟರೆ ಅವಳ ಅಜ್ಜಿಯೂ ಹೀಗೇ ಕೈಗೊಂದು ಕಲ್ಲು ಕೊಡುತ್ತಿದ್ದಳು.

ಅಲಮೇಲು ತಾನೇ ಅದನ್ನು ಹಿಂದಿನ ಸೀಟಿನಲ್ಲಿಟ್ಟಳು. "ಕೆಳಗೆ ಇಡಬೇಡಿ. ನಾಳೆ ಹತ್ತನೇ ದಿನ, ಬೆಳಿಗ್ಗೆ ಎಂಟರೊಳಗೆ ಬಂದ್ಬಿಡಿ." ಎಲ್ಲರೂ ಕಾರು ಹತ್ತಿದ ಮೇಲೆ ಕಿಟಕಿಗೆ ಬಗ್ಗಿ, "ಹುಷಾರಪ್ಪ," ಎಂದಳು. ಹಿಂದೆ ಕೂತಿದ್ದ ಬಸವಪ್ರಸಾದ್ ತನಗೇ ಅಂದುಕೊಂಡು, "ಆಯ್ತು ಆಂಟಿ," ಎಂದ.

ಅತ್ತಿಬೆಲೆ ದಾಟಿದರೂ ಅಲಾರಾಂ ನಿಲ್ಲಲಿಲ್ಲ. ಬಸವಪ್ರಸಾದ್ ಬೈದುಕೊಂಡು ಕಲ್ಲಿಗೇ ಬೆಲ್ಟ್ ಹಾಕಿದ. ತಕ್ಷಣ ನಿಂತಿತು. ಅವನಿಗೆ ನಗು ಬಂತು. ಆದರೆ ಕೃಷ್ಣಗಿರಿ ದಾಟುವ ಹೊತ್ತಿಗೆ ನಗು ಹೋಗಿತ್ತು.

"ಗುರು, ಎ.ಸಿ. ಹಾಕಿದ್ರೂ ಈ ಬಟ್ಟೆ ಇನ್ನೂ ಒಣಗಿಲ್ಲ."

ಅಷ್ಟರಲ್ಲಿ ಹಿಂದಿನ ಎಡ ಕಿಟಕಿಯ ಗಾಜು ತಾನಾಗಿ ಇಳಿಯಿತು. ಸುಶ್ರುತ ಏರಿಸಿದ. ಮತ್ತೆ ಇಳಿಯಿತು. ಭಾರ್ಗವನಿಗೆ ಎ.ಸಿ. ಆಗುತ್ತಿರಲಿಲ್ಲ. ಗಾಳಿ ಬೇಕು ಮಗಾ, ಗಾಳಿ ಬೇಕು ಎಂದು ದಾರಿಯುದ್ದಕ್ಕೂ ಜಗಳ ಆಡುತ್ತಿದ್ದ.

"ಕಾರು ಸರ್ವಿಸ್‌ಗೆ ಬಿಡಬೇಕು," ಎಂದ ಸುಶ್ರುತ.

ಆಂಬೂರಿನ ಹತ್ತಿರ ಬಸವಪ್ರಸಾದ್ ಕೂಗಿ ಕಾರು ನಿಲ್ಲಿಸುವಂತೆ ಮಾಡಿದ. "ನನ್ನ ಕೈಲಾಗಲ್ಲ. ಅದನ್ನ ಬಿಸಾಕು, ಇಲ್ಲಾ ನನ್ನ ಇಲ್ಲೇ ಇಳಿಸು."

"ಆಂಟಿ ಕೊಟ್ಟಿದ್ದು ಕಣೋ. ಬಿಸಾಕೋದು ಅಂದ್ರೇನು?" ಅಂಜನಾಗೆ ಅಳು ಬಂತು.

"ಹಾಗಾದ್ರೆ ನಿನ್ನ ತೊಡೆ ಮೇಲೆ ಇಟ್ಕೋ."

ಅವಳು ಕೈ ಚಾಚಲಿಲ್ಲ.

ಕೊನೆಗೆ ಸುಶ್ರುತನೇ ಇಳಿದ. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು, ಎತ್ತಲು ಎರಡು ಕೈಯೂ ಬೇಕಾದವು. ಡಿಕ್ಕಿಯಲ್ಲಿ ಜ್ಯಾಕಿನ ಪಕ್ಕ, ಗ್ರೀಸ್ ಹತ್ತಿದ ಚಿಂದಿಯ ಮೇಲೆ ಇಟ್ಟು ಬಾಗಿಲು ಹಾಕಿದ. ಆಮೇಲೆ ಅಲಾರಾಂ ಬಡಿಯಲಿಲ್ಲ, ಕಿಟಕಿ ಇಳಿಯಲಿಲ್ಲ. ಮೂವರಿಗೂ ಉಸಿರು ಬಂದಂತಾಯಿತು. ಹಂಪ್ ಬಂದಾಗಲೆಲ್ಲ ಹಿಂದಿನಿಂದ ಒಂದು ಗುದ್ದು ಕೇಳುತ್ತಿತ್ತು, ಅಷ್ಟೇ.

"ಜ್ಯಾಕ್ ಲೂಸ್ ಆಗಿರ್ಬೇಕು," ಎಂದ ಸುಶ್ರುತ. ಯಾರೂ ಕೇಳಿರಲಿಲ್ಲ.

ಸ್ಟೇಡಿಯಂ ತುಂಬಿತ್ತು. ನಾಲ್ಕು ಸೀಟು ಸಾಲಾಗಿ ಸಿಕ್ಕವು. ನಾಲ್ಕನೆಯದರ ಬೆನ್ನಿಗೆ ಅಂಜನಾ ಭಾರ್ಗವನ ನೀಲಿ ಜೆರ್ಸಿ ತೊಡಿಸಿದಳು. ಪಕ್ಕದವರು ಜಾಗ ಕೇಳಿದಾಗ ಬಸವಪ್ರಸಾದ್ ಜಗಳಕ್ಕೇ ನಿಂತ. "ಇಲ್ಲಿ ಜನ ಇದ್ದಾರೆ ಸಾರ್!" ಆಂಟಿಗೆ ಕೊಟ್ಟ ಮಾತು ಉಳಿಸಿಕೊಂಡೆವು ಎಂದು ಸುಶ್ರುತನಿಗೆ ಸಮಾಧಾನವಾಯಿತು. ಆ ದಿನ ಮೊದಲ ಸಲ ಅವನ ಎದೆ ಹಗುರವಾಯಿತು.

ಬೆಂಗಳೂರು ಗೋಲು ಹೊಡೆಯಿತು. ಎಲ್ಲರೂ ಎದ್ದು ಕುಣಿಯುತ್ತಿರುವಾಗ ಸುಶ್ರುತನ ಫೋನು ಅದುರಿತು. ಪರದೆಯ ಮೇಲೆ ಹೆಸರು: ಭಾರ್ಗವ.

ಒಂದು ಕಿವಿ ಮುಚ್ಚಿಕೊಂಡು ಎತ್ತಿದ. ದನಿ ಭಾರ್ಗವನ ತಂದೆ ತಿರುಮಲೇಶರದು. ಮಗನ ಫೋನಿನಿಂದ ಮಾಡಿದ್ದರು.

"ಸುಶ್ರುತ, ನಿಮ್ಮ ಆಂಟಿ ಒಂದು ಕಲ್ಲು ಕೊಟ್ಟಿದ್ದಾಳಂತೆ. ನಿಜಾನಾ?"

"ಹೌದು ಅಂಕಲ್. ಮೂರು ಜನ ಹೊರಡಬಾರದು ಅಂತ..."

"ಅಯ್ಯೋ, ಅದು ಅಂಥ ಕಲ್ಲಲ್ಲಪ್ಪ." "ದಹನ ಮುಗಿಸಿ ಬಂದ್ಮೇಲೆ ಭಾರ್ಗವನ್ನ ಅದರಲ್ಲೇ ಆವಾಹನೆ ಮಾಡಿದ್ದು. ಹತ್ತು ದಿನ ಅವನು ಅದರಲ್ಲೇ ಇರ್ತಾನೆ. ದಿನಾ ಅದಕ್ಕೇ ಎಳ್ಳುನೀರು ಬಿಡ್ತಿದ್ದೀನಿ. ನಾಳೆ ಬೆಳಿಗ್ಗೆ ನೀರಿಗೆ ಬಿಟ್ರೆ ಹೊರಟುಹೋಗ್ತಾನೆ. ಇವಳು ನೋಡಿದ್ರೆ ನಂಗೂ ಹೇಳ್ದೆ..."

ಸುಶ್ರುತನ ಕಣ್ಣಿಗೆ ಕತ್ತಲೆಯ ಡಿಕ್ಕಿ ಬಂತು, ಗ್ರೀಸಿನ ಚಿಂದಿ ಬಂತು. ಅತ್ತ ಫೋನು ಕೈ ಬದಲಾಯಿತು. ಗಲಾಟೆಯಲ್ಲೂ ಅಲಮೇಲುವಿನ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

"ಅವರು ಹಾಗೇ ಅಂತಾರೆ, ನೀವು ಮ್ಯಾಚ್ ಮುಗಿಸ್ಕೊಂಡೇ ಬನ್ನಿ. ಅವನಿಗೆ ಚೆನ್ನಾಗಿ ಕಾಣಿಸ್ತಿದೆ ತಾನೇ?"