ಆರು ಮೀಸೆಗಳ ತೀರ್ಪು

ಮುಖವಾಡದೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಒತೀಲಿಯಾ ಒರೆಸಿಕೊಳ್ಳಲಿಲ್ಲ. ಕೈ ಮೇಲೆತ್ತಿದರೆ ಉಗುರಿನ ಸಂದಿಯ ಬಿಳಿ ಬಣ್ಣ ಯಾರಿಗಾದರೂ ಕಂಡೀತು. ಕಂಡರೆ ಮುಗಿಯಿತು ಕಥೆ.

ಮೆಕ್ಸಿಕೊ ನಗರದ ದೊಕ್ತೋರೆಸ್ ಬಡಾವಣೆಯಲ್ಲಿ ಮುದುಕ ದೋನ್ ಎಲೀಹಿಯೊನ ಕಾಮಿಕ್ಸ್ ಅಂಗಡಿ. ಅದರ ಮಹಡಿಯ ಮೇಲೆ ಈ ದುಂಡು ಮೇಜು. ಸುತ್ತ ಆರು ಕುರ್ಚಿ, ಆರು ಕಪ್ಪು ನಿಲುವಂಗಿ, ಆರು ಮುಖವಾಡ. ಆರಕ್ಕೂ ದಪ್ಪ ಮೀಸೆ. ನಲವತ್ತು ವರ್ಷದಿಂದ ಓದುಗರನ್ನು ಹೆದರಿಸುತ್ತಾ ಬಂದ ಖಳನಾಯಕ ದೋನ್ ಸಲೀತ್ರೆಯ ಮೀಸೆ. ಅವನ ವಿಷಯದಲ್ಲಿ ಏನೇ ತಕರಾರು ಬಂದರೂ ಅಭಿಮಾನಿಗಳ ತೀರ್ಪು ಇಲ್ಲೇ. ಬೆಳಿಗ್ಗೆ ಮೊದಲು ಬಂದ ಆರು ಮಂದಿಗೆ ಕುರ್ಚಿ. ಹೆಸರು ಕೇಳುವಂತಿಲ್ಲ. ಗುರುತು ಸಿಗದಿರಲೆಂದು ಎಲ್ಲರೂ ಸಲೀತ್ರೆಯ ಗೊಗ್ಗರು ದನಿಯಲ್ಲೇ ಮಾತಾಡಬೇಕು. ಉಳಿದವರ ಮಾತಿಗೆ ಒಪ್ಪದವರು ಮಾತ್ರ ಮುಖವಾಡ ತೆಗೆದು, ಬರಿ ಮುಖದಲ್ಲಿ ವಾದಿಸಬೇಕು. ತೀರ್ಪು 'ಬೇಡ' ಎಂದಾದರೆ ಬಾಲ್ಕನಿಗೆ ಕಪ್ಪು ಬಟ್ಟೆ. ಬೀದಿಯಲ್ಲಿ ನಿಂತವರು ಮರುಮಾತಿಲ್ಲದೆ ಒಪ್ಪುತ್ತಾರೆ.

ಮೇಜಿನ ಮೇಲೆ ಹೊಸ ಸಿನಿಮಾದ ಪೋಸ್ಟರ್ ಹಾಸಿತ್ತು. ಅದರಲ್ಲಿ ಸಲೀತ್ರೆಗೆ ಮೀಸೆಯಿಲ್ಲ, ಕೆಂಪು ಮೇಲಂಗಿಯಿಲ್ಲ. ಉಪ್ಪು ಕಟ್ಟಿ ಬಿರಿದ ಬಿಳಿ ಮುಖ, ಕೂಲಿಯವನ ಬೂದು ಅಂಗಿ. ಆ ಮುಖ ಒತೀಲಿಯಾಳ ಕೈಕೆಲಸ. ಹನ್ನೊಂದು ವರ್ಷ ಧಾರಾವಾಹಿ ನಟರಿಗೆ ಮೀಸೆ ಅಂಟಿಸಿ ಅಂಟಿಸಿ ಬೇಸತ್ತವಳಿಗೆ ದಕ್ಕಿದ ಮೊದಲ ಸ್ವಂತ ಮುಖ. ಉಪ್ಪಿನ ಗದ್ದೆಯಲ್ಲಿ ದುಡಿದು ಸತ್ತ ಅಪ್ಪನ ಅಂಗೈ ನೆನೆದು ಒಂದೊಂದೇ ಬಿರುಕು ಮೂಡಿಸಿದ್ದಳು. ಆ ಮುಖವೆಂದರೆ ಅವಳಿಗೆ ಪ್ರಾಣ.

ನಿನ್ನೆ ನಿರ್ಮಾಪಕಿ ದೋನ್ಯ ಕ್ಲೆಮೆನ್ಸಿಯಾ ಕಡ್ಡಿ ಮುರಿದಂತೆ ಹೇಳಿದ್ದಳು.

"ನೋಡಮ್ಮ, ನನಗೇನೋ ಹಿಡಿಸಿದೆ. ಆದ್ರೆ ಆ ಮೇಜಿನವರು ಬೇಡ ಅಂದ್ರೆ ಸೋಮವಾರದಿಂದ ಹಳೇ ಮೀಸೆ, ಹಳೇ ಮೇಲಂಗಿ. ನೀನೂ ಬೇರೆ ಕೆಲಸ ನೋಡ್ಕೋ."

ನಿರ್ದೇಶಕ ಫೆರ್ಮಿನ್ ನೆಲ ನೋಡಿದ. ಸಲೀತ್ರೆಯ ಪಾತ್ರಧಾರಿ ಲಿಸಾಂದ್ರೊ ಕೆನ್ನೆ ಕೆರೆದುಕೊಂಡ. ಅವಳ ಪರವಾಗಿ ಒಬ್ಬರಾದರೂ ತುಟಿ ಬಿಚ್ಚಬೇಕಲ್ಲ? ಊಹೂಂ.

ಹಾಗಾಗಿ ಅಭಿಮಾನಿಯ ಸೋಗಿನಲ್ಲಿ ತಾನೇ ಬಂದಳು. ಬೆಳಗಿನ ಆರಕ್ಕೇ ಬಂದರೂ ಅಂಗಡಿಯ ಮುಂದೆ ಆಗಲೇ ಐದು ಮಂದಿ ಸಾಲುಗಟ್ಟಿದ್ದರು. ಎಲ್ಲರಿಗೂ ಟೋಪಿ, ಮೂಗಿನ ತನಕ ಶಾಲು. ಒಬ್ಬರು ಇನ್ನೊಬ್ಬರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹುಚ್ಚು ಅಂದರೆ ಇದು, ಎಂದುಕೊಂಡಿದ್ದಳು ಒತೀಲಿಯಾ.

ಈಗ ಹೊತ್ತೇರಿತ್ತು. ಮುಚ್ಚಿದ ಕಿಟಕಿಯಾಚೆ ಬೀದಿ ತುಂಬ ಗದ್ದಲ. "ಸಲೀತ್ರೆ! ಸಲೀತ್ರೆ!" ಕಲ್ಲು ತೂರದಿದ್ದರೆ ಪುಣ್ಯ.

"ಶುರು ಮಾಡ್ರಪ್ಪ, ತಮಾಲೆ ಕಡುಬು ಆರಿ ಹೋಗ್ತಿದೆ," ಎಂದ ದೋನ್ ಎಲೀಹಿಯೊ.

ಮೊದಲ ಕುರ್ಚಿ ಪೋಸ್ಟರಿನ ಮೇಲೆ ಬಾಗಿತು. "ಪಕ್ಕದಿಂದ ಬೆಳಕು ಬಿಟ್ರೆ ಈ ಬಿರುಕುಗಳು..." ಹೊರಗಿನ ಕೂಗು ಜೋರಾಯಿತು. ಕುರ್ಚಿ ನೆಟ್ಟಗಾಯಿತು. "ಇಲ್ಲ, ಬೇಡ. ಮೀಸೆ ಇಲ್ಲದವನು ಎಂಥ ಸಲೀತ್ರೆ?"

"ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಿದ್ದಾನೆ," ಎಂದಿತು ಎರಡನೆಯದು. "ಬೇಡ."

"ಆ ನಟನ ಗತಿ ಯೋಚಿಸಿದ್ದೀರಾ?" ಮೂರನೆಯದರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಇಷ್ಟು ಮೆತ್ತಿದ್ರೆ ಮೂರು ದಿನ ತುರಿಕೆ. ಕಣ್ಣು ಮಿಟುಕಿಸೋಕೂ ಆಗಲ್ಲ."

"ನಿನಗೆ ಹೇಗಪ್ಪ ಗೊತ್ತು?" ಎಂದಿತು ಎರಡನೆಯದು.

"ಊಹೆ, ಮಾರಾಯ, ಊಹೆ. ನಂದೂ ಬೇಡವೇ."

ನಾಲ್ಕನೆಯದು ಮೇಜು ಗುದ್ದಿತು. "ಈ ಸಿನಿಮಾದವರನ್ನ ನಂಬಬಾರದು! ಇಲ್ಲೂ ಯಾರನ್ನಾದ್ರೂ ಬೇಹಿಗೆ ಕೂರಿಸಿರ್ತಾರೆ, ಬೇಕಾದ್ರೆ ನೋಡಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಒತೀಲಿಯಾ ನಿಲುವಂಗಿ ಎಳೆದುಕೊಂಡಳು. ಮೇಜಿನ ಸುತ್ತಲೂ ಬಟ್ಟೆ ಸರಭರ ಎಂದಿತು. ಗಾಬರಿಯಲ್ಲಿದ್ದವಳು ಅದನ್ನು ಗಮನಿಸಲಿಲ್ಲ.

"ಬೇಡವೇ ಬೇಡ," ಎಂದು ಐದನೆಯದು ನಿಟ್ಟುಸಿರಿಟ್ಟಿತು. "ಹಳೇ ಮೇಲಂಗಿ ಹೇಗೂ ಇಸ್ತ್ರಿ ಆಗಿ ಕಾಯ್ತಾ ಇದೆ... ಇರಬಹುದು ಅಂತ."

ಉಳಿದವಳು ಒತೀಲಿಯಾ. ಐದು ಮೀಸೆಗಳೂ ಅವಳತ್ತ ತಿರುಗಿದವು. ಬೇಕು ಎಂದರೆ ಮುಖವಾಡ ತೆಗೆಯಬೇಕು. ತೆಗೆದರೆ ಕೆಳಗಿನ ಗುಂಪು ಸೀಳಿಹಾಕುತ್ತದೆ, ಸಿನಿಮಾದ ಮಾನವೂ ಹೋಗುತ್ತದೆ.

"ಬೇಡ," ಎಂದಳು. ಅಪ್ಪನ ಕೈಯನ್ನೇ ತಳ್ಳಿದ ಹಾಗಾಯಿತು.

ದೋನ್ ಎಲೀಹಿಯೊ ಕಪ್ಪು ಬಟ್ಟೆ ಹೆಗಲಿಗೇರಿಸಿ ಬಾಲ್ಕನಿಗೆ ಹೋದ. ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಬೀದಿಯ ಗದ್ದಲ ನಿಂತೇ ಹೋಯಿತು.

ಒತೀಲಿಯಾಳಿಗೆ ತಡೆಯಲಾಗಲಿಲ್ಲ. ಮುಖವಾಡ ಕಿತ್ತು ಮೇಜಿಗೆಸೆದಳು.

"ಸುಳ್ಳು ಹೇಳ್ದೆ ನಾನು. ಈ ಮುಖ ಮಾಡಿದವಳು ನಾನೇ. ಇದರಷ್ಟು ಒಳ್ಳೇ ಕೆಲಸ ನನ್ನ ಜನ್ಮದಲ್ಲಿ ಮಾಡಿಲ್ಲ. ಬೈಯೋದಿದ್ರೆ ಈಗ ಬೈರಿ!"

ಮೂರನೆಯ ಕುರ್ಚಿ ಮುಖವಾಡದೊಳಗೆ ಬೆರಳು ತೂರಿಸಿ ಕೆನ್ನೆ ಕೆರೆದುಕೊಂಡಿತು.

"ಒತೀಲಿಯಾ?" ದನಿಯಲ್ಲಿ ಗೊಗ್ಗರು ಇರಲಿಲ್ಲ. ಮುಖವಾಡ ಕೆಳಗಿಳಿಯಿತು. ಲಿಸಾಂದ್ರೊ.

ಮೊದಲನೆಯದರ ಅಡಿಯಿಂದ ಫೆರ್ಮಿನ್ ಬಂದ. ಎರಡನೆಯದು ಛಾಯಾಗ್ರಾಹಕ, ನಾಲ್ಕನೆಯದು ಸಂಭಾಷಣೆ ಬರೆದವನು. ಐದನೆಯ ಮೀಸೆಯನ್ನು ಕಿತ್ತೆಸೆದ ದೋನ್ಯ ಕ್ಲೆಮೆನ್ಸಿಯಾ ತಲೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ! ನೀವೆಲ್ಲ ಅಭಿಮಾನಿಗಳು ಅಂತ ತಾನೇ ನಾನು ಬೇಡ ಅಂದಿದ್ದು? ಹಾಗಾದ್ರೆ ಅಭಿಮಾನಿಗಳೆಲ್ಲಿ?"

ಆರೂ ಜನ ಬಾಲ್ಕನಿಗೆ ಓಡಿದರು. ಕೆಳಗೆ ಬೀದಿಯುದ್ದಕ್ಕೂ ನಿಂತಿದ್ದ ನೂರಾರು ಅಭಿಮಾನಿಗಳು, ತಮ್ಮ ತಮ್ಮ ಮುಖಕ್ಕೆ ಬಳಿದುಕೊಂಡು ಬಂದಿದ್ದ ಒತೀಲಿಯಾಳ ಬಿರುಕುಗಳನ್ನು, ತೀರ್ಪಿಗೆ ತಲೆಬಾಗಿ, ಅಂಗಿಯ ತೋಳಿನಿಂದ ಒಬ್ಬೊಬ್ಬರಾಗಿ ಒರೆಸಿಕೊಳ್ಳುತ್ತಿದ್ದರು.